ಜುಮ್ಮನಕಾಯಿ ಇಲ್ಲದ ಸಾರು

ಹೋಟೆಲಿನ ಕಿಟಕಿ ಪಕ್ಕದ ಮೇಜಿನ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ಏನನ್ನೋ ಉಗುಳಿದಳು. "ಏನ್ರೀ ಇದು, ನಾಲಿಗೆಯೆಲ್ಲ ಮರಗಟ್ಟಿತು" ಎಂದು ಗಂಡನಿಗೆ ಹೇಳಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೀತುವಿಗೂ ಕೇಳಿಸಿತು. ತಟ್ಟೆಯ ಮೇಲೆ ಬಿದ್ದದ್ದು ಅಗಿದು ನುಗ್ಗಾದ ಒಂದು ಜುಮ್ಮನಕಾಯಿ.

ಅದು ಅಗಿಯುವ ವಸ್ತುವಲ್ಲ. ಬೀಜ ತೆಗೆದ ಆ ಒಣಕಾಯಿಯನ್ನು ಬಂಗುಡೆ ಸಾರು ಇಳಿಸುವ ಹೊತ್ತಿಗೆ ಘಮಕ್ಕೆಂದು ಸ್ವಲ್ಪ ಜಜ್ಜಿ ಹಾಕುತ್ತಾರೆ. ಉಣ್ಣುವವರು ಅದನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸುತ್ತಾರೆ. ಸೀತು ಹುಟ್ಟಿ ಬೆಳೆದ ಮೀನುಗಾರರ ಖಾರ್ವಿಕೇರಿಯ ಮಕ್ಕಳು ಮೀನಿನ ಮುಳ್ಳು ಬಿಡಿಸುವ ಮೊದಲೇ ಇದನ್ನು ಕಲಿತಿರುತ್ತಾರೆ. ಹಿಂದೆ ಗೋವಾದಿಂದ ದೋಣಿ ಹತ್ತಿ ಬಂದ ಕೇರಿಯ ಹಿರಿಯರು ಮನೆ, ದೇವರು ಎಲ್ಲವನ್ನೂ ಅಲ್ಲೇ ಬಿಟ್ಟು ಬಂದರಂತೆ. ಜೊತೆಗೆ ಬಂದದ್ದು ಕೊಂಕಣಿ ಮಾತು ಮತ್ತು ಈ ಸಾರು.

ಗಲ್ಲಾದಲ್ಲಿದ್ದ ಮಗ ಅಶೋಕ ಒಳಗೆ ಬಂದ. ಮನೆಯಲ್ಲಿ ತಾಯಿಯ ಹತ್ತಿರ ಕೊಂಕಣಿ ಮಾತಾಡುವವನು, ಹೋಟೆಲಿಗೆ ಕಾಲಿಟ್ಟ ಮೇಲೆ ಕುಂದಾಪ್ರ ಕನ್ನಡವೇ.

"ಅಮ್ಮ, ನಾಳಿಂದ ಅದನ್ನ್ ಹಾಕುದ್ ಬ್ಯಾಡ. ನೀರುಳ್ಳಿ, ಬೆಳ್ಳುಳ್ಳಿ ಒಗ್ಗರಣಿ ಕೊಡ್."

"ಬಂಗ್ಡಿಗೆ ಒಗ್ಗರಣಿಯಾ?"

"ಹೈವೇ ಬದಿ ಹೋಟ್ಲ್ ಇದ್. ಗೋವಾ ಬಿಟ್ ಎಷ್ಟ್ ಕಾಲ ಆಯ್ತ್, ಇನ್ನೂ ಅದನ್ನೇ ಕಟ್ಕಂಡ್ ಕೂಕಂಬುದಾ?"

"ಹಾಂಗಾರೆ ನಾನ್ ದೋಣಿ ಹತ್ತಿ ವಾಪಾಸ್ ಹೋಪ್ದಾ?"

ಅಶೋಕ ಜೇಬಿನಿಂದ ಫೋನ್ ತೆಗೆದ. ಅದರಲ್ಲಿ ಗಿರಾಕಿ ಯಾರೋ ಸಾರಿಗೆ ಔಷಧಿ ವಾಸನೆ ಎಂದು ಬರೆದದ್ದನ್ನು ತೋರಿಸಿ ಹೊರಗೆ ಹೋದ.

ಮರುದಿನ ಸೀತು ಮಗ ಹೇಳಿದಂತೆಯೇ ಮಾಡಿದಳು. ಜುಮ್ಮನಕಾಯಿಯ ಡಬ್ಬಿಯನ್ನು ಮೇಲಿನ ಹಲಗೆಯಿಂದ ಇಳಿಸಲೇ ಇಲ್ಲ. ಒಗ್ಗರಣೆಯ ಘಾಟು ಏಳುತ್ತಿದ್ದಾಗ ಸೊಸೆ ಸೌಜನ್ಯ ಗಲ್ಲಾದಲ್ಲಿದ್ದ ಗಂಡನ ಕಡೆ ನೋಡಿ ಮೆಲ್ಲಗೆ, "ಅತ್ತೆ, ಅವ್ರಿಗೊಂದ್ ಚೂರ್ ಜುಮ್ಮನಕಾಯಿ ಹಾಕಿ ಬೇರೆ ಮಾಡಿಡುವನಾ?" ಎಂದಳು. ಸೀತು ಸೌಟು ಆಡಿಸುತ್ತಲೇ ಇದ್ದಳು.

ಯಾರೂ ದೂರು ಹೇಳಲಿಲ್ಲ. ಇಬ್ಬರು ಮತ್ತೆ ಸಾರು ಹಾಕಿಸಿಕೊಂಡರು. ಒಬ್ಬ ಕೈ ತೊಳೆಯಲು ಹೋಗುತ್ತ ಒಳಗೆ ಇಣುಕಿ, ಸಾರು ಬಹಳ ಚೆನ್ನಾಗಿತ್ತು ಎಂದ. ಸೀತುವಿಗೆ ಇದ್ದ ಸಿಟ್ಟಿಗೆ ಇನ್ನಷ್ಟು ಸಿಟ್ಟು ಸೇರಿತು. ಅವನು ಹೋದ ಮೇಲೆ ಒಗ್ಗರಣೆ ಸೌಟನ್ನು ಬೇಕಾದದ್ದಕ್ಕಿಂತ ಜೋರಾಗಿ ತಿಕ್ಕಿದಳು.

ಗಿರಾಕಿಗಳು ಕರಗಿದ ಮೇಲೆ ಅಶೋಕ ತಟ್ಟೆ ಹಿಡಿದು ಒಳಗೆ ಬಂದು ಕುಳಿತ. ಪಾತ್ರೆಯ ಮುಚ್ಚಳ ತೆಗೆದು ನೋಡಿದ, ಪಕ್ಕದ್ದನ್ನೂ ತೆಗೆದು ನೋಡಿದ. ಆಮೇಲೆ, ತನ್ನ ಪಾಲಿನ ಸಾರು ಎಲ್ಲಿ ಎಂದು ಕೇಳಿದ. ಕೇಳಿದ್ದು ಕೊಂಕಣಿಯಲ್ಲಿ.

ಸೀತು ಸೆರಗಿಗೆ ಕೈ ಒರೆಸಿಕೊಂಡಳು. "ಇಪ್ಪುದ್ ಇದೊಂದೇ" ಎಂದಳು, ಹೊರಗಿನವರಿಗೆ ಹೇಳುವ ಕನ್ನಡದಲ್ಲಿ. "ಬಡಿಸ್ಲಾ, ಬ್ಯಾಡ್ದಾ?"

ಅವನು ತಾಯಿಯ ಮುಖ ನೋಡಿದ. ಸೌಜನ್ಯ ತೊಳೆದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು. ಕೊನೆಗೆ ಅವನು ತಟ್ಟೆ ಮುಂದಕ್ಕೆ ಚಾಚಿದ. ಸೀತು ಕುಚ್ಚಲಕ್ಕಿ ಅನ್ನದ ಮೇಲೆ ಸಾರು ಹೊಯ್ದು ಒಂದು ಬಂಗುಡೆ ಇಟ್ಟಳು.

ಅಶೋಕ ತಲೆ ತಗ್ಗಿಸಿ ಕಲಸಿದ. ಒಂದೊಂದು ತುತ್ತಿಗೂ ಮೊದಲು ಅವನ ತೋರುಬೆರಳು ಅನ್ನದೊಳಗೆ ಏನನ್ನೋ ತಡಕಿ, ಏನೂ ಸಿಗದೆ, ಬರಿದಾಗಿ ತಟ್ಟೆಯ ಅಂಚಿನವರೆಗೆ ಹೋಗಿ ಬರುತ್ತಿತ್ತು.