‘ನೀವು’ ಅಂದದ್ದು ಯಾರಿಗೆ

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರೆ. ಗಾದೆ ಕಟ್ಟಿದವರು ಇಳಕಲ್ಲಿನ ಭುವನೇಶ್ವರಿಯನ್ನು ನೋಡಿರಲಿಲ್ಲ. ಹೊನ್ನಾವರದ ಆಚೆ ಮೀನುಗಾರರ ಊರಿಗೆ ಬಂದು ಎರಡು ದಿನವಾಗಿತ್ತು. ಸಮುದ್ರವನ್ನು ಆಕೆ ಕಂಡದ್ದು ಅಡುಗೆಮನೆಯ ಕಿಟಕಿಯಿಂದ ಮಾತ್ರ. ಬೆಳಗಾದರೆ ವಾಪಸು ಹೊರಡಬೇಕು.

ಮಗ್ಗದ ಮನೆಯಲ್ಲಿ ರಜೆ ಎಂಬುದಿಲ್ಲ. ಒಮ್ಮೆ ಸಮುದ್ರ ತೋರಿಸಿ ಎಂದು ಆಕೆ ಮದುವೆಯಾದಾಗಿನಿಂದ ಗಂಡ ಅಮರೇಶನ ಬೆನ್ನು ಹತ್ತಿದ್ದಳು. ಕೊನೆಗೆ ಒಪ್ಪಿದ ಪುಣ್ಯಾತ್ಮ ಹೋಟೆಲ್ಲು ಮಾತ್ರ ಬೇಡವೆಂದ. ಅಲ್ಲಿ ಎಲ್ಲಿ ಹೋದರೂ ಮೀನಿನ ಸಾರು, ಕೊರಳಲ್ಲಿ ಲಿಂಗವಿರುವ ಅವ್ವ ಏನು ತಿನ್ನಬೇಕು? ಅದಕ್ಕೇ ದಂಡೆಯ ಮೇಲೆ ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆ ಹಿಡಿದ. ಅವ್ವನ ಜೊತೆಗೆ ಅಣ್ಣ ಕಾಶಪ್ಪನೂ ಹೊರಟ. ಜೋಳದ ಹಿಟ್ಟು, ರೊಟ್ಟಿ ಹಂಚು, ಶೇಂಗಾ ಚಟ್ನಿ ಎಲ್ಲ ಗಾಡಿ ಏರಿದವು. ಭುವನೇಶ್ವರಿಯೂ ಸಾಮಾನಿನಲ್ಲೊಂದು ಸಾಮಾನಾಗಿ ಏರಿದಳು.

ಆ ಸಂಜೆ ಅಣ್ಣತಮ್ಮಂದಿರು ನೀರಿನಲ್ಲಿ ಆಡಿ ಬಂದು, ಮೈಯೆಲ್ಲ ಮರಳು ಮಾಡಿಕೊಂಡು ಪಡಸಾಲೆಯಲ್ಲಿ ಕಾಲು ಚಾಚಿದರು.

“ಉಪ್ಪಿನ ಗಾಳಿಗೆ ಹಸಿವು ಭಾಳ ಆಗತೈತಿ ನೋಡು” ಎಂದ ಕಾಶಪ್ಪ.

“ಭುವನಾ, ಬಿಸಿ ರೊಟ್ಟಿ ಬಡೀಲೇ. ಬದನಿಕಾಯಿ ಎಣ್ಣಿಗಾಯಿನೂ ಮಾಡು” ಎಂದ ಅಮರೇಶ.

ಹಿಟ್ಟು ನಾದುತ್ತಿದ್ದ ಕೈ ಅಲ್ಲಿಗೇ ನಿಂತಿತು. ಸಿಟ್ಟು ನೆತ್ತಿಗೇರಿ ಆಕೆಗೆ ಕಣ್ಣು ಕಾಣದಂತಾಯಿತು. ಅತ್ತು ಬಿಡುವುದೋ ಹಂಚು ಒಗೆಯುವುದೋ ಎಂದು ನಿಂತಿದ್ದಾಗಲೇ ಮನೆಯ ಒಡತಿ ಗೀತಾಂಜಲಿ ಬಾಗಿಲಿಗೆ ಬಂದಳು. ಪಕ್ಕದ ಕೇರಿಯಲ್ಲಿ ಮೀನು ಮಾರುವ ಹೆಂಗಸು, ಕರಾವಳಿಯ ಮಾತು.

“ಎಲ್ಲ ಸರಿ ಉಂಟಲ್ಲ? ಗ್ಯಾಸು ಮುಗಿಲಿಲ್ವಲ್ಲ?”

ಭುವನೇಶ್ವರಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಅಕ್ಕಾರ, ಮನಿ ಕೊಡೂ ಮುಂದ ಫೋನಿನ್ಯಾಗ ಅಡಿಗಿದು ಏನ್ ಹೇಳಿದ್ರಿ?”

“ಅಡುಗೆ ನೀವೇ ಮಾಡ್ಕೊಳ್ಬೇಕು ಅಂತ ಹೇಳಿದ್ದೆ. ಯಾಕೆ, ಪಾತ್ರೆ ಸಾಲ್ಲಿಲ್ವಾ?”

“ಯಾರಿಗೆ ಹೇಳಿದ್ರಿ?”

ಗೀತಾಂಜಲಿ ಅಮರೇಶನತ್ತ ಕೈ ಮಾಡಿದಳು. “ಇವರಿಗೇ. ಹೂಂ ಹೂಂ, ಮಾಡ್ಕೋತೇವ್ರಿ ಅಂದ್ರಲ್ಲ.”

ಅಮರೇಶ ನಕ್ಕ. “ಏ, ನೀವು ಅಂದ್ರ ಮನಿ ಮಂದಿ ಅಂತ. ಅಷ್ಟೂ ತಿಳೀದೇನು ನಿನಗ?”

“ಮನಿ ಮಂದಿ!” ಭುವನೇಶ್ವರಿಯ ದನಿ ಏರಿತು. “ಮದುವಿ ಆದಾಗಿಂದ ಈ ಮಂದ್ಯಾಗ ನನಗ ಯಾರರೆ ‘ನೀವು’ ಅಂದೀರೇನು? ‘ನೀ ಬಾ, ನೀ ಹೋಗು, ನೀ ಬಡಿ.’ ಆ ‘ನೀವು’ ನಂದಲ್ಲ. ನಿಮ್ಮದು. ಹೂಂ ಅಂದಾವ್ರು ನೀವು, ಮಾಡ್ಕೊಳ್ರಿ!”

ಕಾಶಪ್ಪ ಮುಖ ತಿರುವಿದ. ಗೀತಾಂಜಲಿ ಬಾಯಿಗೆ ಸೆರಗು ಒತ್ತಿಕೊಂಡು ಮೆಲ್ಲಗೆ ಜಾರಿದಳು.

ಕೈ ತೊಳೆದು ಭುವನೇಶ್ವರಿ ಹೊಸ್ತಿಲು ದಾಟುವಷ್ಟರಲ್ಲಿ ಹಿಂದೆ ಬಳೆ ಸದ್ದಾಯಿತು. ಅತ್ತೆ ಬಸಲಿಂಗವ್ವ ಗೋಡೆ ಹಿಡಿದು, ನೋಯುವ ಮೊಣಕಾಲು ಎಳೆಯುತ್ತ ಒಲೆಯ ಕಡೆ ಹೊರಟಿದ್ದಳು. ಗಂಡುಮಕ್ಕಳಿಬ್ಬರೂ ನೋಡುತ್ತ ಕೂತಿದ್ದರು. ಬೇಡ ಎನ್ನಲು ಒಬ್ಬನಿಗೂ ನಾಲಿಗೆ ಏಳಲಿಲ್ಲ. ಭುವನೇಶ್ವರಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂದದ್ದು ಆಗ.

ಓಡಿ ಬಂದು ಅತ್ತೆಯ ಕೈ ಹಿಡಿದಳು. “ಅತ್ತೀ, ಬಿಡ್ರಿ. ನೀವೂ ಸಮುದ್ರ ನೋಡಿಲ್ಲ.”

“ಹುಚ್ಚಿ! ಗಂಡಸ್ರು ಒಲಿ ಮುಂದ ನಿಂತ್ರ ಮನಿ ಉಳೀತೈತೇನು?”

“ಇದು ನಮ್ಮನಿ ಅಲ್ರಿ, ಬಾಡಗಿ ಮನಿ. ಉಳದ್ರೇನು, ಬಿದ್ರೇನು?”

ಬಸಲಿಂಗವ್ವ ಸೊಸೆಯ ಮುಖ ನೋಡಿದಳು. ನಾದಿಟ್ಟ ಹಿಟ್ಟನ್ನು ನೋಡಿದಳು. ಮಕ್ಕಳನ್ನು ನೋಡಿದಳು.

“ಅವ್ವಾ, ಹಸಿವಾಗೇತಿ” ಎಂದ ಅಮರೇಶ.

ಮುದುಕಿ ಬಾಗಿಲ ಕಡೆ ತಿರುಗಿದಳು.

“ತಡಿ ಭುವನಾ” ಎಂದಳು, “ಚಪ್ಪಲಿ ಹಾಕ್ಕೋತೇನಿ.”