ಹಳದಿ ದೀಪ

ಮೂರನೇ ಸಲ ಕೀಲಿ ತಿರುಗಿಸಿದಾಗ ವ್ಯಾನು ಗುರ್ರೆಂದಿತು, ಮೈಯೆಲ್ಲ ನಡುಗಿಸಿತು, ಗೇಟಿನ ಬಾಯಲ್ಲೇ ಮತ್ತೆ ನಿಂತುಹೋಯಿತು. ಹಿಂದೆ ಉಣ್ಣೆಗಂಬಳಿಯಲ್ಲಿ ಸುತ್ತಿಸಿಕೊಂಡು ತುರ್ದಾಕುನ್ ಮಲಗಿದ್ದ. ಕಾರಾ-ಬಾಲ್ತಾ ಊರಿನ ಅರ್ಧ ಕಾರುಗಳ ಎಂಜಿನ್ ಕಾಯಿಲೆ ಕಂಡುಹಿಡಿದವನನ್ನು ಗುಡ್ಡದ ಮೇಲಿನ ಗೋರಿಗೆ ಒಯ್ಯಬೇಕಾದ ಗಾಡಿಯೇ ಮುಷ್ಕರ ಹೂಡಿತ್ತು.

"ಆಕ್ಸಿಜನ್ ಸೆನ್ಸರ್ ಹೋಗಿದೆ," ಎಂದ ಸತ್ತವನ ತಮ್ಮ ಕಾಸಿಮಾಲಿ. ಅವನೂ ಮೆಕ್ಯಾನಿಕ್ಕೇ.

"ಹೋಗಯ್ಯಾ, ಪೆಟ್ರೋಲ್ ಪಂಪು!" ಎಂದ ಪಕ್ಕದ ಶೆಡ್ಡಿನ ಎಸೆನ್‌ಕುಲ್. "ನಿಂಗೆ ಏನ್ ಕೇಳಿದ್ರೂ ಸೆನ್ಸರೇ. ಹೆಂಡ್ತಿ ಕೆಮ್ಮಿದ್ರೂ ಸೆನ್ಸರ್ ಬದಲಾಯಿಸ್ತೀಯ."

ಸಾವಿನ ಮನೆಯೆಂಬುದನ್ನೂ ಮರೆತು ಒಂದಿಬ್ಬರು ನಕ್ಕರು. ಮುಲ್ಲಾ ಗಂಟಲು ಸರಿಮಾಡಿಕೊಂಡರು. ಹೊತ್ತು ಮೀರುತ್ತಿತ್ತು.

ಅಂಗಳದ ಗುಡಾರದೊಳಗೆ ಹೆಂಗಸರು ಗೋಡೆಗೆ ಮುಖಮಾಡಿ, ಹಾಡಿ ಹಾಡಿ ಅಳುತ್ತಿದ್ದರು. ಅವರ ಪಾಲಿನ ಬೀಳ್ಕೊಡುಗೆ ಅಲ್ಲಿಗೇ ಮುಗಿಯುತ್ತದೆ; ಗೋರಿಯವರೆಗೆ ಹೋಗುವುದು ಗಂಡಸರು. ಮಗಳು ಮೀರ್‌ಗುಲ್ ಬೆಳಗಿನಿಂದ ಅದನ್ನೇ ನುಂಗಲಾರದೆ ಕೂತಿದ್ದಳು. ತಾನೂ ಒಂದು ಹಿಡಿ ಮಣ್ಣು ಹಾಕಬೇಕೆಂದು ಕೇಳಿದಾಗ ಕಾಸಿಮಾಲಿ, "ಮುಲ್ಲಾ ಒಪ್ಪಲ್ಲಮ್ಮ," ಎಂದುಬಿಟ್ಟಿದ್ದ. ಎಂಜಿನ್ ಮತ್ತೆ ನಿಂತ ಸದ್ದಿಗೆ ಅವಳು ಎದ್ದು ಹೊರಬಂದಳು.

"ಸ್ವಲ್ಪ ಜರುಗಿ, ಚಿಕ್ಕಪ್ಪ."

* * *

ತುರ್ದಾಕುನ್ ಬದುಕಿದ್ದಾಗ, ಮೀಟರುಗಳ ನಡುವೆ ಎಂಜಿನ್ ದೋಷದ ದೀಪ ಹತ್ತಿಕೊಂಡು ಶೆಡ್ಡಿಗೆ ಬಂದವರದೆಲ್ಲ ಒಂದೇ ಮಾತು: "ಆ ಹಳದಿ ದೀಪ ಆರಿಸ್ಬಿಡು, ತುರ್ದಾಕುನ್." ಹೊಗೆ ಶುದ್ಧಮಾಡುವ ಡಬ್ಬಿಯನ್ನು ಕಿತ್ತು ಮಾರಿಕೊಳ್ಳುವುದು, ಆಮೇಲೆ ದೀಪ ಉರಿಯದಂತೆ ಗಾಡಿಯ ಕಂಪ್ಯೂಟರಿಗೆ ಸುಳ್ಳು ಕಲಿಸುವುದು ಊರಲ್ಲೆಲ್ಲ ನಡೆದಿತ್ತು. ಕಾಸಿಮಾಲಿಯೂ ಮಾಡುತ್ತಿದ್ದ. ತುರ್ದಾಕುನ್ ಮಾತ್ರ ಒಲ್ಲೆನೆನ್ನುತ್ತಿದ್ದ.

"ಗಿರಾಕಿಗಳು ಓಡ್ಹೋಗ್ತಾರಲ್ಲಪ್ಪ," ಎನ್ನುತ್ತಿದ್ದಳು ಅವನ ಬಳಿಯೇ ಕೆಲಸ ಕಲಿಯುತ್ತಿದ್ದ ಮೀರ್‌ಗುಲ್.

"ಹೋಗ್ಲಿ ಬಿಡು. ಚಳಿಗಾಲದಲ್ಲಿ ಈ ಹೊಗೆ ಕುಡಿಯೋರು ಯಾರು, ನಾವೇ ತಾನೆ? ನೀನೂ ಅಷ್ಟೆ, ಸ್ಕ್ಯಾನರ್ ಹೇಳಿದ್ದಕ್ಕೆಲ್ಲ ತಲೆಯಾಡಿಸ್ಬೇಡ. ಕಿವಿಗೊಟ್ಟು ಕೇಳು."

ವ್ಯಾಪಾರ ಅವನಿಗೆ ಒಲಿಯಲೇ ಇಲ್ಲ. ಮಗಳಿಗೆ ಮಾತ್ರ ಅವನೆಂದರೆ ಪ್ರಾಣ.

* * *

ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದಿತು ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿದ ಸ್ಕ್ಯಾನರ್. ಮೀರ್‌ಗುಲ್ ಎಂಜಿನ್ ಚಾಲೂ ಮಾಡಿಸಿ, ಬಗ್ಗಿ ಕಿವಿಗೊಟ್ಟಳು. ಗಾಳಿ ಒಯ್ಯುವ ರಬ್ಬರ್ ಕೊಳವೆಯ ಅಡಿಯಲ್ಲಿ ಸುಯ್ಯೆನ್ನುತ್ತಿತ್ತು. ಬೆರಳಿಟ್ಟರೆ ಬಿರುಕು. ಟೇಪನ್ನು ಬಿಗಿಯಾಗಿ ಸುತ್ತಿದಳು. ಎಂಜಿನ್ ನಡುಕ ಬಿಟ್ಟು ಸಮನಾಗಿ ಓಡತೊಡಗಿತು. ಸೀಟಿಗೆ ಹತ್ತಿ ಸ್ಕ್ಯಾನರಿನಿಂದ ದೋಷದ ದಾಖಲೆ ಅಳಿಸಿದಳು. ಹಳದಿ ದೀಪ ಆರಿತು.

"ಆಯ್ತಾ ಮಗಳೇ?" ಮುಲ್ಲಾ ಕೇಳಿದರು.

ಆಯಿತೆಂದರೆ ಇಳಿದು ಗುಡಾರಕ್ಕೆ ಹೋಗಬೇಕು.

"ಇಲ್ಲ ಮುಲ್ಲಾ ಸಾಹೇಬ್ರೇ. ದೀಪ ಇನ್ನೂ ಉರೀತಿದೆ. ಗುಡ್ಡ ಹತ್ತೋವಾಗ ನಿಂತ್ರೂ ನಿಂತೀತು. ನಾನೇ ಓಡಿಸ್ಬೇಕು."

ಬದುಕಿಡೀ ಅಪ್ಪ ಆಡದ ಸುಳ್ಳನ್ನು ಅವನ ಹೆಣದ ಮುಂದೆಯೇ ಆಡಿದ್ದಳು.

"ಹೆಂಗಸರು ಅಲ್ಲಿಗೆ ಬರೋ ಹಾಗಿಲ್ಲ," ಎಂದರು ಮುಲ್ಲಾ. " ಕಾಸಿಮಾಲಿ ಓಡಿಸ್ಲಿ."

"ಯಾರು, ಸೆನ್ಸರ್ ಕಾಸಿಮಾಲೀನಾ?" ಎಂದ ಎಸೆನ್‌ಕುಲ್. "ಹಾಗಾದ್ರೆ ಹೆಣಾನ ಹೆಗಲ ಮೇಲೇ ಹೊರೋಣ."

ಮುಲ್ಲಾ ಆ ದೀಪವನ್ನು ತಾವೇ ನೋಡಲು ವ್ಯಾನಿನತ್ತ ಬಂದರು. ಅವರಿಗಿಂತ ಮೊದಲೇ ಕಾಸಿಮಾಲಿ ಕಿಟಕಿಯೊಳಗೆ ತಲೆ ತೂರಿಸಿದ. ಒಂದು ದೀಪವೂ ಉರಿಯುತ್ತಿರಲಿಲ್ಲ. ಅಣ್ಣನ ಮಗಳ ಮುಖ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಕಾಸಿಮಾಲಿ, ಎಂದೂ ಯಾರ ಕೈಗೂ ಕೊಡದ, ಹಬ್ಬಕ್ಕೂ ಸಾವಿಗೂ ತಲೆಯಿಂದ ಇಳಿಸದ ತನ್ನ ಬಿಳಿ ಉಣ್ಣೆಯ ಟೋಪಿಯನ್ನು ತೆಗೆದು ಮೀಟರುಗಳಿಗೆ ಮರೆಯಾಗಿ ಒರಗಿಸಿಟ್ಟ.

"ಉರೀತಾನೇ ಇದೆ, ಮುಲ್ಲಾ ಸಾಹೇಬ್ರೇ," ಎಂದ. "ಇವಳಿಲ್ದೆ ಆಗಲ್ಲ. ಹತ್ತಿ, ಹೊತ್ತಾಯ್ತು."

ಮೀರ್‌ಗುಲ್ ಗೇರ್ ಹಾಕಿದಳು. ವ್ಯಾನು ತಡವರಿಸದೆ ಹೊರಟಿತು. ಅದರ ಮುಂದೆ, ಉರಿಬಿಸಿಲಿನಲ್ಲಿ, ಬರಿದಲೆಯ ಕಾಸಿಮಾಲಿ ಜನರನ್ನು ಸರಿಸುತ್ತ ಅವಳಿಗೆ ದಾರಿ ಬಿಡಿಸುತ್ತಿದ್ದ.