ಮೂವತ್ತು ಮೀಟರ್ ತಿಳಿನೀರು

ಮದುವೆಗೆ ಇನ್ನು ಒಂಬತ್ತೇ ದಿನ. ಇವೆತಾಳ ಅಮ್ಮ ಗಸಗಸೆ ತುಂಬಿದ ನಾನೂರು ಪುಟ್ಟ ಸಿಹಿ ಬನ್ನು, ಅಂದರೆ ಕೋಲಾಚ್, ಬೇಯಿಸಿ, ಹತ್ತತ್ತರಂತೆ ಕಾಗದದಲ್ಲಿ ಸುತ್ತಿ, ಬೀದಿಯ ಮನೆಮನೆಗೂ ಹಂಚಿ ಬಂದಿದ್ದಳು. ಕೋಲಾಚ್ ಬಾಗಿಲಿಗೆ ಬಂತೆಂದರೆ ಮದುವೆ ಆದಂತೆಯೇ. ಆಮೇಲೆ ಮನಸ್ಸು ಬದಲಾಯಿತೆಂದು ಯಾರೂ ತಿಂದವರ ಬಳಿ ವಾಪಸ್ ಕೇಳಲು ಹೋಗುವುದಿಲ್ಲ. ಹೀಗೆ ಎಲ್ಲವೂ ನಿಶ್ಚಯವಾಗಿತ್ತು, ಮಧುಚಂದ್ರಕ್ಕೆ ಎಲ್ಲಿಗೆ ಹೋಗುವುದೆಂಬ ಒಂದನ್ನು ಬಿಟ್ಟು. ಅದೊಂದರಲ್ಲಿ ಇವೆತಾ ಯಾವುದಕ್ಕೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಹುಡುಗ ಲುಬೋಶ್‌ಗೆ ಬೇಕಾಗಿದ್ದು ಬಿಸಿಲಿನ ನಾಡಿನ ಸಮುದ್ರ. ಇಬ್ಬರೂ ಮೇ ತಿಂಗಳಲ್ಲಷ್ಟೇ ನೀರಿನಾಳಕ್ಕೆ ಇಳಿಯುವ ಸ್ಕೂಬಾ ಸರ್ಟಿಫಿಕೇಟು ಪಡೆದಿದ್ದರು. ಕಲಿತದ್ದು ಊರಾಚೆಯ ಹಳೆಯ ಗ್ರಾನೈಟ್ ಕ್ವಾರಿಯಲ್ಲಿ. ನಮ್ಮ ಕಡೆ ಸಮುದ್ರ ಎಲ್ಲಿಂದ ಬರಬೇಕು? ಕಲ್ಲು ಒಡೆಯುವುದು ನಿಂತ ಮೇಲೆ ತುಂಬಿಕೊಂಡ ನೀರು, ಆರು ಡಿಗ್ರಿ ಚಳಿ, ಚಾಚಿದ ಕೈಯ ಬೆರಳು ಕಾಣದಷ್ಟು ಕದಡು. ದಾರಿಗೆಂದು ತಳದಲ್ಲಿ ಒಂದು ಹಗ್ಗ ಕಟ್ಟಿದೆ. ಅದನ್ನು ಹಿಡಿದು ಹೋದರೆ ಡೈವಿಂಗ್ ಕ್ಲಬ್ಬಿನವರು ವರ್ಷಾನುಗಟ್ಟಲೆ ಮುಳುಗಿಸಿಟ್ಟ ಆಸ್ತಿಯೆಲ್ಲ ಸಾಲಾಗಿ ಸಿಗುತ್ತದೆ: ಒಂದು ಬಸ್ಸು, ಸ್ನಾನದ ತೊಟ್ಟಿ, ಟೆಲಿಫೋನ್ ಬೂತು, ಮನೆಯಂಗಳದಲ್ಲಿಡುವ ಗಡ್ಡದ ಕುಳ್ಳ ಗೊಂಬೆಗಳು ಎರಡು. ಯಾವುದೂ ಕಾಣುವುದಿಲ್ಲ. ಮುಟ್ಟಿ ನೋಡಿಕೊಂಡು ಬರಬೇಕು.

ಈ ಕದಡಿನಲ್ಲಿ ಇವೆತಾ ಕ್ಲಬ್ಬಿನ ಹೆಮ್ಮೆಯಾಗಿಬಿಟ್ಟಳು. ಬೇರೆಯವರಿಗೆ ನೀರಿನೊಳಗೆ ಡೈವಿಂಗ್ ಕನ್ನಡಕ ತೆಗೆದು ಮತ್ತೆ ಹಾಕಿಕೊಳ್ಳಿ ಎಂದರೆ ಕೈಕಾಲು ಬಡಿಯುತ್ತಿದ್ದರು. ಇವಳು ತನ್ನ ಮನೆಯ ಅಡುಗೆಮನೆಯಲ್ಲಿದ್ದಷ್ಟು ನಿರಾಳವಾಗಿ ತೆಗೆದು ಹಾಕಿಕೊಂಡಳು. ಗುರು ಹಾವ್ರಾನೆಕ್, ಹಿಂದೆ ಅದೇ ಕ್ವಾರಿಯಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸುತ್ತಿದ್ದ ಮುದುಕ, ಮೂವತ್ತು ವರ್ಷದಲ್ಲಿ ಇಂಥ ಗಟ್ಟಿಗಿತ್ತಿಯನ್ನು ಕಂಡಿಲ್ಲವೆಂದು ಸಾರಿಕೊಂಡು ತಿರುಗಿದ. ನಿಜ ಏನೆಂದರೆ ಇವೆತಾ ಅಷ್ಟೂ ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ನೀರೆಂದರೆ ಹೆದರಿಕೆಯಿಲ್ಲ, ಕೆಳಗಿನ ಆಳ ಕಣ್ಣಿಗೆ ಬೀಳುವುದು ಮಾತ್ರ ಅವಳಿಗೆ ಸುತರಾಂ ಆಗುತ್ತಿರಲಿಲ್ಲ. ಉಸಿರಿನ ಗಾಳಿ ಎಷ್ಟು ಉಳಿದಿದೆಯೆಂದು ನೋಡಬೇಕಾದಾಗ ಮೀಟರನ್ನು ಮೂಗಿನ ಹತ್ತಿರ ತಂದು ಒಂದು ಕ್ಷಣ ಒಂದೇ ಕಣ್ಣು ಬಿಡುತ್ತಿದ್ದಳು. ಉಳಿದದ್ದಕ್ಕೆ ಹಗ್ಗವಿತ್ತು, ಲುಬೋಶ್‌ನ ಕೈಯಿತ್ತು. ಅವನು ಎರಡು ಸಲ ಕೈ ಒತ್ತಿದರೆ ಸರಿಯಾಗಿದ್ದೀಯಾ ಎಂದು. ಇವಳು ತಿರುಗಿ ಎರಡು ಸಲ ಒತ್ತಿದರೆ ಸರಿಯಾಗಿದ್ದೇನೆ ಎಂದು.

ಕೊನೆಯ ಪರೀಕ್ಷೆಯ ದಿನ ಅನಾಹುತವಾಯಿತು. ಬಸ್ಸಿನ ಹತ್ತಿರ ಲುಬೋಶ್ ನಿಂತ. ಎರಡು ಸಲ ಕೈ ಒತ್ತಿದ. ಇವಳೂ ಒತ್ತಿದಳು. ಮೇಲೆ ಬಂದು ಕಣ್ಣು ಬಿಟ್ಟರೆ ದಡದ ಮೇಲೆ ಹನ್ನೊಂದು ಜನ ಚಪ್ಪಾಳೆ ಹೊಡೆಯುತ್ತಿದ್ದರು, ಹಾವ್ರಾನೆಕ್ ಮೂಗು ಸೀಟಿಕೊಂಡು ಅಳುತ್ತಿದ್ದ. ನೀರಿನಲ್ಲಿ ಬರೆಯುವ ಪ್ಲಾಸ್ಟಿಕ್ ಹಲಗೆ ಲುಬೋಶ್‌ನ ಕೈಯಲ್ಲಿತ್ತು, ಅದರ ಮೇಲೆ 'ನನ್ನನ್ನು ಮದುವೆಯಾಗ್ತೀಯಾ' ಎಂದು ಬರೆದಿತ್ತು. ಹೂಂ ಎಂದಿದ್ದಾಳಂತೆ. ಬೇಡವೆನ್ನಲು ಇವೆತಾಗೆ ಕಾರಣವೇನೂ ಹೊಳೆಯಲಿಲ್ಲ, ಒಳಗೊಳಗೆ ಖುಷಿಯೂ ಆಯಿತು. ಆದರೆ ಆ ಪ್ರಶ್ನೆಯನ್ನು ತಾನು ನೋಡಿಯೇ ಇರಲಿಲ್ಲ ಎಂಬುದನ್ನು ಮಾತ್ರ ನುಂಗಿಕೊಂಡಳು. ಅದಾಗಿ ನಾಲ್ಕು ತಿಂಗಳು.

ಈಗ ಅರ್ಥವಾಯಿತಲ್ಲ ಅವಳ ಸಂಕಟ? ತಿಳಿಯಾದ ಸಮುದ್ರಕ್ಕೆ ಇಳಿದ ಮೊದಲ ನಿಮಿಷದಲ್ಲೇ ಲುಬೋಶ್ ಪಕ್ಕಕ್ಕೆ ತಿರುಗಿ ನೋಡುತ್ತಾನೆ. ಕನ್ನಡಕದ ಗಾಜಿನೊಳಗೆ ಮುಚ್ಚಿದ ಎರಡು ಕಣ್ಣು ಕಾಣುತ್ತವೆ. ಅವನು ದಡ್ಡನಲ್ಲ, ಮೇ ತಿಂಗಳವರೆಗೂ ಹಿಂದಕ್ಕೆ ಲೆಕ್ಕ ಹಾಕುತ್ತಾನೆ. ಹೆಂಡತಿ ಹೂಂ ಎಂದಿದ್ದು ಮದುವೆಗಲ್ಲ, ಸರಿಯಾಗಿದ್ದೀಯಾ ಎಂಬ ಆರೋಗ್ಯ ವಿಚಾರಣೆಗೆ ಎಂದು ಗೊತ್ತಾದ ಗಂಡಸು ಮಧುಚಂದ್ರದಲ್ಲಿ ಏನು ಮಾಡಿಯಾನು?

ಅದೃಷ್ಟಕ್ಕೆ ಅವಳಿಗೆ ಕ್ಲಬ್ಬಿನ ಬೆಂಬಲ ಸಿಕ್ಕಿತು. ಬಿಸಿ ಸಮುದ್ರಕ್ಕೆ ಹೊರಟ ಮೊದಲ ಸದಸ್ಯರು ಇವರೇ ಆದದ್ದರಿಂದ ಜಾಗ ಆರಿಸುವುದು ಕ್ಲಬ್ಬಿನ ಜವಾಬ್ದಾರಿಯೆಂದು ಹಾವ್ರಾನೆಕ್ ತೀರ್ಮಾನಿಸಿದ. ಕ್ವಾರಿಯ ಪಕ್ಕದ ಹೋಟೆಲಿನಲ್ಲಿ ಬಿಯರು, ಈರುಳ್ಳಿಯೊಂದಿಗೆ ಹುಳಿ ಹಾಕಿದ ಸಾಸೇಜು ಮುಂದಿಟ್ಟುಕೊಂಡು ಸಭೆ ಸೇರಿತು. ಲುಬೋಶ್ ಮಾಲ್ಡೀವ್ಸಿನ ಚಿತ್ರಗಳನ್ನು ಹರಡಿದ.

"ಅಲ್ಲೇನು ಮುಳುಗ್ಸಿದಾರೆ?" ಎಂದ ಹಾವ್ರಾನೆಕ್.

ಏನೂ ಇಲ್ಲ, ಮೀನುಗಳಿವೆ, ಹವಳವಿದೆ ಎಂದ ಲುಬೋಶ್.

"ಮೀನು ನಿಂತಲ್ಲಿ ನಿಲ್ತದೇನಪ್ಪ? ಮೀನು ನೋಡ್ಕೊಂಡು ದಾರಿ ಗುರುತಿಟ್ಕೊಂಡ್ರೆ ನೀನು ಮನೆಗೆ ಬಂದಂಗೇ. ಒಂದು ಬಸ್ಸಾದ್ರೂ ಇರ್ಬೇಕು."

ಫಿಲಿಪೀನ್ಸಿನಲ್ಲಿ ಯುದ್ಧಕಾಲದ ಹಡಗುಗಳಿವೆ ಎಂದು ಲುಬೋಶ್ ಚೌಕಾಸಿಗಿಳಿದ. ಹಡಗು ಸಮುದ್ರದಲ್ಲಿ ಮುಳುಗುವುದರಲ್ಲಿ ಏನು ಹೆಚ್ಚುಗಾರಿಕೆ, ಅದು ತಾನಾಗಿ ಮುಳುಗಿದ್ದು, ಯಾರೂ ಕಷ್ಟಪಟ್ಟಿಲ್ಲ ಎಂದು ಸಭೆ ತಳ್ಳಿಹಾಕಿತು. ಜಾಂಜಿಬಾರ್ ನೀರಿನ ಬಿಸಿ ಇಪ್ಪತ್ತೆಂಟು ಡಿಗ್ರಿ ಎಂದಾಗ ಹಾವ್ರಾನೆಕ್ ಅದು ನೀರಲ್ಲ ಸೂಪು, ಅದರಲ್ಲಿ ಮನುಷ್ಯ ನಿದ್ದೆ ಹೋಗುತ್ತಾನೆ ಎಂದ. ಪ್ರತಿ ಆಕ್ಷೇಪಣೆಗೂ ಇವೆತಾ ಮೊದಲು ಕೈ ಎತ್ತಿದಳು. ಲುಬೋಶ್ ಅವಳನ್ನೇ ನೋಡಿದ. ಪಾಪ ಅನ್ನಿಸಿದರೂ ಅವಳು ಕೈ ಇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಅವನು ಹಟ ಹಿಡಿದು ಅವಳನ್ನು ಪ್ರವಾಸದ ಏಜೆನ್ಸಿಗೆ ಕರೆದೊಯ್ದ. ಅಲ್ಲಿ ಕೂತಿದ್ದಾಕೆ ಶ್ರೀಮತಿ ಶಿಮ್ಕೋವಾ. ಇಪ್ಪತ್ತು ವರ್ಷದಿಂದ ಜನರನ್ನು ಬಿಸಿಲಿಗೆ ಕಳಿಸುತ್ತ ತಾನು ಮಾತ್ರ ಸ್ವೆಟರಿನಲ್ಲಿ ಕೂತವಳು. ಆಕೆ ಒಂದೊಂದೇ ಪುಸ್ತಿಕೆ ತೆರೆದು ಇಲ್ಲಿ ಮೂವತ್ತು ಮೀಟರ್ ದೂರ ಕಾಣುತ್ತದೆ, ಇಲ್ಲಿ ನಲವತ್ತು ಎಂದು ಹೇಳುತ್ತ ಹೋದಳು. ಇನ್ನೂ ಕಮ್ಮಿ ಇರುವುದು ಇಲ್ಲವೇ ಎಂದು ಇವೆತಾ ಕೇಳಿದಳು. ಹದಿನೈದು? ಇನ್ನೂ ಕಮ್ಮಿ. ಐದು?

"ಅರ್ಧ ಮೀಟರ್ ಇದ್ರೆ ಸಾಕಾಗುತ್ತೆ," ಎಂದಳು ಇವೆತಾ.

ಶ್ರೀಮತಿ ಶಿಮ್ಕೋವಾ ಕನ್ನಡಕ ತೆಗೆದು ಒರೆಸಿಕೊಂಡಳು. ಅಂಥದ್ದನ್ನು ಈವರೆಗೆ ಯಾರೂ ಕೇಳಿಲ್ಲ, ಆದರೂ ಗಿರಾಕಿಯ ಇಷ್ಟ ಎಂದು ಹುಡುಕಿ, ಬೋರ್ನಿಯೋದಲ್ಲಿ ಕೆಸರು ಹೊತ್ತ ನದಿ ಸಮುದ್ರ ಸೇರುವ ಒಂದು ಜಾಗವನ್ನು ಹೇಳಿದಳು. ಅಲ್ಲಿ ಡೈವ್ ಮಾಡಲು ಯಾರೂ ಹೋಗುವುದಿಲ್ಲ, ಹೋಗಲು ತಡೆಯೂ ಇಲ್ಲ, ಮೊಸಳೆಗಳಿವೆ. ಇವೆತಾಳ ಮುಖ ಅರಳಿತು. ಮೊಸಳೆ ಕಂಡರೆ ತಾನೇ ಭಯ, ಕಾಣದಿದ್ದರೆ ಏನಂತೆ ಎಂದು ಅವಳು ಪೂರ್ತಿ ಮನಸ್ಸಿಟ್ಟು ವಾದಿಸಿದಳು. ಹಿಂದೆ ಸರದಿಯಲ್ಲಿ ಕೂತಿದ್ದ ಗಂಡಸು ಪೇಪರು ಕೆಳಗಿಳಿಸಿದ.

ಲುಬೋಶ್ ಪುಸ್ತಿಕೆ ಮುಚ್ಚಿದ. "ಇವೆತಾ, ನಿನ್‌ ಜೊತೆ ಒಂದ್ಸಲ ಏನಾದ್ರೂ ನೋಡ್ಬೇಕು ಅಂತ ನಂಗೆ ಆಸೆ. ಮುಟ್ಟಿದ್ದು ಸಾಕು. ಬರೋಕೆ ಇಷ್ಟ ಇಲ್ದಿದ್ರೆ ಈಗ್ಲೇ ಹೇಳ್ಬಿಡು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಕಲಿತದ್ದನ್ನು, ಮುಚ್ಚಿಕೊಂಡೇ ಪಾಸಾದದ್ದನ್ನು ಬಡಬಡನೆ ಹೇಳಿದಳು. ಕೊನೆಗೆ ಹೇಳಲೇಬೇಕಾದದ್ದು ಉಳಿಯಿತು.

"ನೀನು ಹಿಡಿದ ಹಲಗೆ ನಾನು ನೋಡ್ಲಿಲ್ಲ ಲುಬೋಶ್. ನೀನು ಕೈ ಒತ್ತಿದೆ, ಹುಷಾರಾಗಿದ್ದೀನಿ ಅಂತ ನಾನೂ ಒತ್ತಿದೆ. ಅಷ್ಟೇ."

ಮುಗಿಯಿತು ಎಂದುಕೊಂಡಳು ಇವೆತಾ. ನಾನೂರು ಕೋಲಾಚ್ ನೆನಪಾದವು. ಅಮ್ಮನ ಮುಖ ನೆನಪಾಯಿತು.

ಲುಬೋಶ್‌ನ ಕಿವಿ ಕೆಂಪಾದವು. "ಆ ನೀರಲ್ಲಿ ಕಣ್ಣು ಬಿಟ್ಕೊಂಡಿದ್ರೂ ನಿಂಗೆ ಕಾಣ್ತಿರ್ಲಿಲ್ಲ," ಎಂದ. "ಕಾಣಲ್ಲ ಅಂತ್ಲೇ ಅಲ್ಲಿ ಹಿಡಿದಿದ್ದು. ಕೇಳೋಕೆ ಧೈರ್ಯ ಇರ್ಲಿಲ್ಲ, ಸುಮ್ನೆ ಅಭ್ಯಾಸ ಮಾಡ್ತಿದ್ದೆ. ಆ ಮುದುಕ ಹಿಂದ್ಗಡೆಯಿಂದ ಬಂದು ದೊಡ್ಡ ಟಾರ್ಚ್ ಹಿಡಿದು ಹಲಗೆಗೆ ಮೂಗು ತಾಗ್ಸಿ ಓದ್ಬಿಟ್ಟ. ನಮಗಿಂತ ಮೊದ್ಲೇ ಮೇಲೆ ಹೋಗಿ ಊರಿಗೆಲ್ಲ ಸಾರ್ದ. ನೀನು ಸುಮ್ನಿದ್ದೆ. ಒಪ್ಕೊಂಡಿದ್ದೀಯ ಅನ್ಕೊಂಡು ನಾನೂ ಸುಮ್ನಾದೆ."

ಅಂದರೆ ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ಬಂಡೆ ಸಿಡಿಸುತ್ತಿದ್ದ ಮುದುಕನೊಬ್ಬ ಮದುವೆ ಗೊತ್ತು ಮಾಡಿ ಕಣ್ಣೀರು ಸುರಿಸಿದ್ದಾನೆ. ಇವೆತಾಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ತಿಂಗಳು ಅವಳ ನಿದ್ದೆ ಹಾಳಾಗಿತ್ತು.

"ಹಂಗಾದ್ರೆ ಈಗ ಕೇಳು," ಎಂದಳು.

"ಇಲ್ಲೇನಾ?"

"ಇಲ್ಲೇ."

ಲುಬೋಶ್ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ತಾಳೆಗಿಡ ನೋಡಿದ, ಶ್ರೀಮತಿ ಶಿಮ್ಕೋವಾಳ ಸ್ವೆಟರ್ ನೋಡಿದ, ಪೇಪರಿನವನನ್ನು ನೋಡಿದ. ಆಮೇಲೆ ಇವೆತಾಳ ಕಡೆ ತಿರುಗಿ ಹಲಗೆಯ ಮೇಲಿದ್ದ ಮಾತನ್ನು ಬಾಯಿಬಿಟ್ಟು ಕೇಳಿದ. ಅರ್ಧಕ್ಕೇ ದನಿ ಹೂತುಹೋಯಿತು, ಉಳಿದರ್ಧವನ್ನು ಎರಡನೇ ಸಲ ಹೇಳಬೇಕಾಯಿತು.

ಅಭ್ಯಾಸಬಲದಿಂದ ಇವೆತಾಳ ರೆಪ್ಪೆ ಕೆಳಗಿಳಿಯಿತು. ಅವಳು ಬಲವಂತವಾಗಿ ಎತ್ತಿ ಹಿಡಿದಳು. ಅವನ ಮೇಲ್ತುಟಿಯಲ್ಲಿ ಬೆವರಿತ್ತು. ಗದ್ದದ ಮೇಲೆ ಬೆಳಿಗ್ಗೆ ರೇಜರು ತಾಗಿದ ಗಾಯವಿತ್ತು. ಅವನು ಹೆದರಿದ್ದ, ಕೈಕಾಲು ಬಡಿಯುವವನಷ್ಟು ಹೆದರಿದ್ದ, ಆದರೂ ಕದಲದೆ ಕೂತಿದ್ದ. ನೀರಿನಲ್ಲಿ ಇಷ್ಟು ದಿನ ತನ್ನ ಕೈ ಹಿಡಿದಿದ್ದವನು ಇಂಥ ಪುಕ್ಕಲನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಅವಳು ಅವನನ್ನು ನೋಡುತ್ತಲೇ ಕೂತಳು.

ಶ್ರೀಮತಿ ಶಿಮ್ಕೋವಾ ಗಡಿಯಾರ ನೋಡಿದಳು. ಹಿಂದೆ ಜನ ಕಾಯುತ್ತಿದ್ದಾರೆ, ಕಂಪ್ಯೂಟರಿನಲ್ಲಿ ಏನಾದರೊಂದು ತುಂಬಬೇಕು ಎಂದಳು. "ಮಾಲ್ಡೀವ್ಸ್ ಅಂತ ಹಾಕಿದೀನಿ. ರೂಮು ಒಂದೋ ಎರಡೋ, ಅದನ್ನಾದ್ರೂ ಹೇಳಿ."

"ಒಂದು," ಎಂದಳು ಇವೆತಾ. "ಕಿಟಕಿ ಸಮುದ್ರದ ಕಡೆಗಿರ್ಲಿ."